ಎರಡನೇ ಚಳಿಗಾಲದ ದುಡ್ಡನ್ನೂ ಮಂಜೂರು ಮಾಡಿ

ಕರ್ನಾಟಕದ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ಸಮಿತಿಗಳ ಸದಸ್ಯರಿಗೆ, ದತ್ತಿ ಟ್ರಸ್ಟ್‌ಗಳ ಧರ್ಮದರ್ಶಿಗಳಿಗೆ, ಟಿಬೆಟನ್ ಹಳ್ಳಿಗಳಿಗೆಂದರೆ ಕೈಲಾದಷ್ಟು ಕೊಡುವ ಎಲ್ಲ ಕನ್ನಡಿಗರಿಗೆ,

ನಮಸ್ಕಾರ.

ಲಡಾಖ್‌ನ ಚಾಂಗ್‌ಥಾಂಗ್‌ನಲ್ಲಿ ಮೇಕೆ, ಕುರಿ, ಯಾಕ್ ಸಾಕಿಕೊಂಡಿರುವ ಟಿಬೆಟನ್ ಕುಟುಂಬಗಳಿಗೆ ನೀವು ಕೊಡುವ ಹಣದಲ್ಲಿ ನಾಲ್ಕನೇ ಒಂದು ಭಾಗವನ್ನು ಸಾಮಾನು ಕೊಳ್ಳಲು ಬಳಸಬೇಡಿ. ಕೊಂಡ ಸಾಮಾನು ಮುಂದಿನ ಮೂರು ವರ್ಷ ಕೆಲಸ ಮಾಡುವಂತೆ ನೋಡಿಕೊಳ್ಳಲು ಅದನ್ನು ಎತ್ತಿಡಿ. ಈ ಪತ್ರ ಬರೆಯುತ್ತಿರುವುದು ಇದೊಂದನ್ನು ಕೇಳಲು. ಯಾಕೆ ಕೇಳುತ್ತಿದ್ದೇವೆ ಎಂಬುದನ್ನು ಸಾಮಾನು ಸಾಮಾನಾಗಿ, ಲೆಕ್ಕ ಸಮೇತ ಹೇಳುತ್ತೇವೆ.

ಟಿಬೆಟ್‌ ಬಿಟ್ಟು ಚಾಂಗ್‌ಥಾಂಗ್ ಯಾಕೆ ಎಂದು ಕೆಲವರು ಕೇಳುತ್ತಾರೆ. ಚೀನಾದಲ್ಲಿ ಹೊರದೇಶದ ಸ್ವಯಂಸೇವಾ ಸಂಸ್ಥೆಗಳ ಕಾಯ್ದೆ 2017ರ ಜನವರಿ 1ರಿಂದ ಜಾರಿಯಲ್ಲಿದೆ. ಹೊರಗಿನ ಸಂಸ್ಥೆ ಅಲ್ಲಿ ಕಚೇರಿ ತೆರೆಯಬೇಕಾದರೆ ಪೊಲೀಸ್ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು, ಅಲ್ಲಿನ ಸರ್ಕಾರಿ ಅಂಗವೊಂದು ಅದರ ಹೊಣೆ ಹೊರಲು ಒಪ್ಪಬೇಕು. ಬೆಂಗಳೂರಿನ ಒಂದು ಸಣ್ಣ ಟ್ರಸ್ಟ್‌ಗೆ ಅದು ಆಗುವ ಮಾತಲ್ಲ. ನಮ್ಮ ಕಡೆಯ ಕಾನೂನೂ ಇದೆ. 2021ರಲ್ಲಿ ತಿದ್ದಿದ ಸಿಎಸ್‌ಆರ್ ನಿಯಮಗಳ ಪ್ರಕಾರ ಭಾರತದ ಹೊರಗೆ ಮಾಡಿದ ಕೆಲಸ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಭಾರತೀಯ ಕ್ರೀಡಾಪಟುಗಳ ತರಬೇತಿಗೆ ಮಾತ್ರ ವಿನಾಯಿತಿ. ದತ್ತಿ ಟ್ರಸ್ಟ್ ಹೊರದೇಶದಲ್ಲಿ ಖರ್ಚು ಮಾಡಿ ತೆರಿಗೆ ವಿನಾಯಿತಿ ಪಡೆಯಬೇಕಾದರೆ ವಿಶೇಷ ಅನುಮತಿ ಬೇಕು. ಹೀಗಾಗಿ ಕರ್ನಾಟಕದ ಹಣ ನೇರವಾಗಿ, ಕಾನೂನುಬದ್ಧವಾಗಿ ತಲುಪಬಹುದಾದ ಟಿಬೆಟನ್ ಪ್ರಸ್ಥಭೂಮಿಯ ಬದುಕು ಇರುವುದು ಅದರ ಪಶ್ಚಿಮದ ಅಂಚಿನಲ್ಲಿ, ಅಂದರೆ ಲಡಾಖ್‌ನ ಪೂರ್ವದ ಚಾಂಗ್‌ಥಾಂಗ್‌ನಲ್ಲಿ.

1959ರ ನಂತರದ ವರ್ಷಗಳಲ್ಲಿ ಮಂದೆಗಳ ಸಮೇತ ಗಡಿ ದಾಟಿ ಬಂದ ಕುಟುಂಬಗಳು ಇಲ್ಲಿವೆ. 1969ರಲ್ಲಿ ಲೇಹ್ ಪಕ್ಕದ ಚೋಗ್ಲಮ್ಸರ್‌ನಲ್ಲಿ ಸೋನಮ್‌ಲಿಂಗ್ ವಸತಿ ಶುರುವಾಯಿತು. ನ್ಯೋಮಾ, ಹಾನ್ಲೆ, ಸುಮ್ದೋ ಕಡೆಯ ಪಶುಪಾಲಕರ ಕ್ಯಾಂಪ್‌ಗಳೂ ಅದರ ವ್ಯಾಪ್ತಿಗೇ ಸೇರಿವೆ. ಎತ್ತರ 4,000 ಮೀಟರಿಗೂ ಹೆಚ್ಚು. ಚಳಿಗಾಲದ ರಾತ್ರಿ ಶೂನ್ಯಕ್ಕಿಂತ 30 ಡಿಗ್ರಿ ಕೆಳಗೆ ಇಳಿಯುವುದು ಅಲ್ಲಿ ಸುದ್ದಿಯೇ ಅಲ್ಲ. 1962ರ ಯುದ್ಧದ ನಂತರ ಹಳೆಯ ಚಳಿಗಾಲದ ಹುಲ್ಲುಗಾವಲುಗಳು ಕೈತಪ್ಪಿದವು, 2020ರಿಂದ ಗಡಿಯ ಬಿಗುವಿನಿಂದಾಗಿ ಇನ್ನಷ್ಟು ಕಡೆ ಮಂದೆ ಬಿಡುವುದು ಕಷ್ಟವಾಗಿದೆ. ಮೇಯಿಸುವ ಜಾಗ ಕಡಿಮೆಯಾದಷ್ಟೂ ಚಳಿಗಾಲ ದಾಟಿಸುವುದು ಹೊರಗಿನ ಸಾಮಾನಿನ ಮೇಲೆ, ಅದರ ರಿಪೇರಿಯ ಮೇಲೆ ನಿಲ್ಲುತ್ತದೆ.

ಸೌರವಿದ್ಯುತ್ತಿನಿಂದ ಶುರುಮಾಡೋಣ, ಯಾಕೆಂದರೆ ದಾನಿಗಳು ಮೊದಲು ಕೊಡುವುದು ಅದನ್ನೇ. ಒಂದು ಪ್ಯಾನೆಲ್, ಬ್ಯಾಟರಿಯ ಚಾರ್ಜ್ ಹತೋಟಿಯಲ್ಲಿಡುವ ಒಂದು ಕಂಟ್ರೋಲರ್, ಒಂದು ಬ್ಯಾಟರಿ, ನಾಲ್ಕು ಎಲ್‌ಇಡಿ ದೀಪ, ಮೊಬೈಲ್ ಚಾರ್ಜಿಂಗ್ ಇಷ್ಟು ಬಂತು ಎಂದಿಟ್ಟುಕೊಳ್ಳಿ. ಜುಲೈನಲ್ಲಿ ಎಲ್ಲ ಉರಿಯುತ್ತದೆ, ಫೋಟೊ ಬರುತ್ತದೆ. ತೊಂದರೆ ಜನವರಿಯಲ್ಲಿ. ಲೆಡ್-ಆಸಿಡ್ ಬ್ಯಾಟರಿ ಪೂರ್ತಿ ಚಾರ್ಜ್ ಇದ್ದಾಗ ಅದರ ಆಸಿಡ್ ಶೂನ್ಯಕ್ಕಿಂತ 50 ಡಿಗ್ರಿ ಕೆಳಗೂ ಹೆಪ್ಪುಗಟ್ಟುವುದಿಲ್ಲ. ಅದೇ ಬ್ಯಾಟರಿ ಖಾಲಿಯಾಗಿದ್ದರೆ ಒಳಗಿರುವುದು ಹೆಚ್ಚುಕಡಿಮೆ ನೀರೇ. ಶೂನ್ಯಕ್ಕಿಂತ 10 ಡಿಗ್ರಿ ಕೆಳಗೆ ಹೋಗುವಷ್ಟರಲ್ಲಿ ಅದು ಗಡ್ಡೆಕಟ್ಟಿ ಪ್ಲೇಟುಗಳನ್ನು ಬಗ್ಗಿಸುತ್ತದೆ, ಡಬ್ಬಿ ಸೀಳುತ್ತದೆ. ಹಿಮ ಸುರಿದು ಮೂರು ದಿನ ಬಿಸಿಲಿಲ್ಲದೆ ದೀಪ ಉರಿಸಿದರೆ ಆಗುವುದು ಇದೇ. ಅದಕ್ಕೇ ಬ್ಯಾಟರಿಯನ್ನು ಹೊರಗೋಡೆಗೆ ತೂಗುಹಾಕುವುದು ತಪ್ಪು. ಅಡುಗೆ ಮಾಡುವ, ಜನ ಮಲಗುವ ಕೋಣೆಯ ಮೂಲೆಯಲ್ಲಿ, ನೆಲಕ್ಕೆ ತಾಗದಂತೆ, ಥರ್ಮೋಕೋಲ್ ಹೊದಿಸಿದ ಮರದ ಪೆಟ್ಟಿಗೆಯಲ್ಲಿ ಇಡಬೇಕು. ಮುಚ್ಚಳದ ಹತ್ತಿರ ತೂತು ಕೊರೆದು ಸಣ್ಣ ಕೊಳವೆಯೊಂದನ್ನು ಮನೆಯ ಹೊರಕ್ಕೆ ಬಿಡಬೇಕು. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ, ಅದೇ ಕೋಣೆಯಲ್ಲಿ ಒಲೆಯೂ ಉರಿಯುತ್ತಿರುತ್ತದೆ.

ಲಿಥಿಯಂ ಕೊಟ್ಟರೆ ಈ ರಗಳೆ ತಪ್ಪುತ್ತದೆ ಎಂದು ಮಾರುವವರು ಹೇಳುತ್ತಾರೆ. ಅರ್ಧ ನಿಜ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಚಳಿಯಲ್ಲಿ ವಿದ್ಯುತ್ ಕೊಡುತ್ತದೆ, ಆದರೆ ಶೂನ್ಯಕ್ಕಿಂತ ಕೆಳಗೆ ಅದನ್ನು ಚಾರ್ಜ್ ಮಾಡಕೂಡದು. ಮಾಡಿದರೆ ಒಳಗೆ ಲೋಹ ಕಟ್ಟಿಕೊಂಡು ಶಾಶ್ವತವಾಗಿ ಹಾಳು. ಒಳ್ಳೆಯ ಬ್ಯಾಟರಿಯಲ್ಲಿ ಇದನ್ನು ತಡೆಯುವ ಸರ್ಕ್ಯೂಟ್ ಇರುತ್ತದೆ. ಆಗ ಬ್ಯಾಟರಿ ಉಳಿಯುತ್ತದೆ, ಮನೆಯವರಿಗೆ ಮಾತ್ರ ಬಿಸಿಲಿದ್ದರೂ ಯಾಕೆ ಚಾರ್ಜ್ ಆಗುತ್ತಿಲ್ಲ ಎಂದು ತಿಳಿಯುವುದಿಲ್ಲ, ಕೆಟ್ಟಿದೆ ಎಂದು ಎತ್ತಿಡುತ್ತಾರೆ. ಇದನ್ನು ಹೇಳಿಕೊಡಲು ಒಬ್ಬರು ಇದ್ದರೆ ಸಾಕಿತ್ತು.

ಇನ್ನೊಂದು ದೋಷ ಟೆಂಡರ್ ಬರೆಯುವವರ ಕಣ್ಣಿಗೆ ಬೀಳುವುದೇ ಇಲ್ಲ. ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಡಿಗ್ರಿಗೆ ಸುಮಾರು ನೂರಕ್ಕೆ 0.3ರಂತೆ. ಅಳತೆ ಮಾಡಿ ಬರೆದಿರುವುದು 25 ಡಿಗ್ರಿ ಬಿಸಿಯಲ್ಲಿ. ಚಾಂಗ್‌ಥಾಂಗ್‌ನ ಬೆಳಗಿನ ಜಾವ ಶೂನ್ಯಕ್ಕಿಂತ 25 ಡಿಗ್ರಿ ಕೆಳಗೆ. 50 ಡಿಗ್ರಿ ವ್ಯತ್ಯಾಸ ಎಂದರೆ ನೂರಕ್ಕೆ 15 ಹೆಚ್ಚು. 22 ವೋಲ್ಟ್ ಎಂದು ಚೀಟಿ ಅಂಟಿಸಿದ ಪ್ಯಾನೆಲ್ 25 ದಾಟುತ್ತದೆ. 25 ವೋಲ್ಟ್‌ವರೆಗೆ ತಾಳುವ ಅಗ್ಗದ ಕಂಟ್ರೋಲರ್ ಮೊದಲ ಸೂರ್ಯಕಿರಣಕ್ಕೇ ಸುಟ್ಟುಹೋಗುತ್ತದೆ. ಬೆಂಗಳೂರಿನ ತಾರಸಿಯಲ್ಲಿ ಹತ್ತು ವರ್ಷ ನಡೆಯಬಹುದಾದ ಜೋಡಣೆ ಅಲ್ಲಿ ಒಂದು ಬೆಳಗ್ಗೆ ಮುಗಿಯುತ್ತದೆ. ಅಲ್ಲಿಗೆ ಕೊಳ್ಳುವ ಕಂಟ್ರೋಲರ್ ಕನಿಷ್ಠ 40 ವೋಲ್ಟ್ ತಾಳಬೇಕು, ಹತ್ತು ಮನೆಗೆ ಎರಡರಂತೆ ಬಿಡಿ ಕಂಟ್ರೋಲರ್ ಕ್ಯಾಂಪ್‌ನಲ್ಲೇ ಇರಬೇಕು. ಪ್ಯಾನೆಲ್ಲನ್ನು ಸುಮಾರು 50 ಡಿಗ್ರಿ ಓರೆಯಲ್ಲಿ ದಕ್ಷಿಣಕ್ಕೆ ನಿಲ್ಲಿಸಿದರೆ ಚಳಿಗಾಲದ ತಗ್ಗು ಬಿಸಿಲೂ ಸಿಗುತ್ತದೆ, ಹಿಮವೂ ಜಾರಿ ಬೀಳುತ್ತದೆ.

ಈಗ ಬಿಸಿಲ ಒಲೆ. ಕೊಡೆಯನ್ನು ಮಗುಚಿಟ್ಟಂತಿರುವ ಬಿಸಿಲ ಒಲೆ ಟಿಬೆಟ್‌ನಲ್ಲೂ ಅದರ ಪಕ್ಕದ ಚಿಂಗ್‌ಹಾಯ್ ಪ್ರಾಂತ್ಯದಲ್ಲೂ ಹಳ್ಳಿ ಹಳ್ಳಿಗೆ ಹಬ್ಬಿದೆ. ಒಂದೂವರೆ ಮೀಟರ್ ಅಗಲದ ಬಟ್ಟಲು ಒಂದು ಕೆಟಲ್ ನೀರನ್ನು ಅರ್ಧ ಗಂಟೆಯೊಳಗೆ ಕುದಿಸುತ್ತದೆ. ಹೆಂಗಸರಿಗೆ ದಿನಕ್ಕೆ ಒಂದು ಬುಟ್ಟಿಯಷ್ಟು ಬೆರಣಿ ಉಳಿದರೂ ಅದು ದೊಡ್ಡ ಉಪಕಾರ, ಯಾಕೆಂದರೆ ಸಗಣಿ ಆಯುವುದು, ತಟ್ಟುವುದು, ಒಣಗಿಸಿ ಗೋಡೆ ಕಟ್ಟಿಡುವುದು ಎಲ್ಲ ಅವರ ಪಾಲಿನ ಕೆಲಸ. ಆದರೆ ಬಿಸಿಲ ಒಲೆ ಬಂದರೆ ಸಗಣಿ ಒಲೆ ಹೋಗುತ್ತದೆ ಎಂದು ಪ್ರಸ್ತಾವನೆಯಲ್ಲಿ ಯಾರಾದರೂ ಬರೆದಿದ್ದರೆ ನಂಬಬೇಡಿ. ಸಗಣಿ ಒಲೆ ಅಡುಗೆಗೆ ಮಾತ್ರ ಅಲ್ಲ, ಮನೆಯನ್ನು ಬೆಚ್ಚಗಿಡುವುದೂ ಅದೇ. ಎರಡೂ ಬೇಕು, ಎರಡಕ್ಕೂ ಖರ್ಚಿದೆ.

ಬಿಸಿಲ ಒಲೆಯಲ್ಲಿ ಕೆಡುವುದು ಹೊಳೆಯುವ ಹಾಳೆ. ಮರಳುಗಾಳಿ ಅದನ್ನು ಉಜ್ಜುತ್ತದೆ, ಅಂಚು ಏಳುತ್ತದೆ, ಎರಡು ಮೂರು ವರ್ಷಕ್ಕೆ ಮಂಕಾಗುತ್ತದೆ. ಹಾಳೆ ಬದಲಿಸುವುದು ಕಷ್ಟವಲ್ಲ. ಹಳೆಯದನ್ನು ಕೆರೆದು, ಬಟ್ಟಲನ್ನು ಒಣಬಟ್ಟೆಯಿಂದ ಒರೆಸಿ, ಹೊಸದನ್ನು ಕೈಯಗಲದ ಪಟ್ಟಿಗಳಾಗಿ ಕತ್ತರಿಸಿ ನಡುವಿನಿಂದ ಅಂಚಿಗೆ ಅಂಟಿಸುತ್ತಾ ಹೋದರೆ ಅರ್ಧ ದಿನದ ಕೆಲಸ. ಗಾಳಿಯಿಲ್ಲದ ಮಧ್ಯಾಹ್ನ ಮಾಡಬೇಕು, ಚಳಿಯಲ್ಲಿ ಅಂಟು ಹಿಡಿಯುವುದಿಲ್ಲ. ಆ ಹಾಳೆಯ ಸುರುಳಿ ಲೇಹ್ ಅಂಗಡಿಯಲ್ಲಿ ಸಿಗದಿದ್ದರೆ ಅಲ್ಲಿಗೆ ಒಲೆಯ ಆಯಸ್ಸು ಮುಗಿಯಿತು. ಒಲೆಯ ಜತೆಗೇ ಎರಡು ಸಲಕ್ಕೆ ಆಗುವಷ್ಟು ಹಾಳೆ ಕಳಿಸಿ. ಕೆಲಸವಿಲ್ಲದಾಗ ಬಟ್ಟಲನ್ನು ಬಿಸಿಲಿಗೆ ಬೆನ್ನು ಮಾಡಿ ತಿರುಗಿಸಿ, ಚೀಲ ಹೊದಿಸುವುದನ್ನು ಮಕ್ಕಳಿಗೂ ಕಲಿಸಬೇಕು. ಹಾಗೇ ಬಿಟ್ಟ ಬಟ್ಟಲಿನಿಂದ ಪಕ್ಕದ ಮೇವಿನ ಬಣವೆಗೆ ಬೆಂಕಿ ಹತ್ತುತ್ತದೆ, ಬಗ್ಗಿ ನೋಡಿದರೆ ಕಣ್ಣಿಗೂ ಅಪಾಯ.

ಸಗಣಿ ಒಲೆಗೆ ಬೇಕಾದದ್ದು ಹೊಗೆ ಕೊಳವೆ. ಅದು ಮಾಳಿಗೆಯಿಂದ ಮೊಣಕಾಲೆತ್ತರಕ್ಕಾದರೂ ಮೇಲೇರಬೇಕು, ಇಲ್ಲದಿದ್ದರೆ ಗಾಳಿ ಹೊಗೆಯನ್ನು ಒಳಕ್ಕೇ ತಳ್ಳುತ್ತದೆ. ಮರದ ಮಾಳಿಗೆಯನ್ನು ಕೊಳವೆ ದಾಟುವ ಜಾಗದಲ್ಲಿ ಸುತ್ತ ಒಂದು ಗೇಣು ಬಿಟ್ಟು ತಗಡಿನ ಪಟ್ಟಿ ಹಾಕಿ ಮಣ್ಣು ತುಂಬಬೇಕು. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಮಸಿ ತಟ್ಟಿ ಉದುರಿಸಬೇಕು. ಮಸಿ ಕಟ್ಟಿದ ಕೊಳವೆ ಹೊಗೆಯನ್ನು ಮನೆಯೊಳಗೇ ನಿಲ್ಲಿಸುತ್ತದೆ, ಬಾಗಿಲು ಕಿಟಕಿ ಬಿಗಿದು ಮಲಗುವ ರಾತ್ರಿಗಳಲ್ಲಿ ಇದು ಪ್ರಾಣಕ್ಕೇ ಎರವಾಗುತ್ತದೆ.

ಇಲ್ಲಿ ಒಂದು ಮಾತು. 4,300 ಮೀಟರ್ ಎತ್ತರದಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆ. ಬೇಳೆ, ಮಾಂಸ ತೆರೆದ ಪಾತ್ರೆಯಲ್ಲಿ ಬೇಯಿಸುವುದೆಂದರೆ ಉರುವಲು ಸುರಿದಂತೆ. ಮನೆಗೊಂದು ಐದು ಲೀಟರ್ ಪ್ರೆಶರ್ ಕುಕ್ಕರ್, ಜತೆಗೆ ನಾಲ್ಕು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ಕೊಟ್ಟರೆ ಎಷ್ಟೋ ದೊಡ್ಡ ಯೋಜನೆಗಳಿಗಿಂತ ಹೆಚ್ಚು ಬೆರಣಿ ಉಳಿಯುತ್ತದೆ. ಹಳೆಯ ಸ್ವೆಟರ್, ಹತ್ತಿಯ ರಗ್ಗು ಲಾರಿ ತುಂಬಿಸಿ ಕಳಿಸುವುದನ್ನು ದಯವಿಟ್ಟು ನಿಲ್ಲಿಸಿ. ಉಣ್ಣೆಯೇ ಕಸುಬಾಗಿರುವ ಜನರಿಗೆ ಅದು ಬೇಕಿಲ್ಲ, ಲಾರಿ ಬಾಡಿಗೆಯಲ್ಲಿ ಒಂದು ಕ್ಯಾಂಪಿಗೆ ಮೇವು ಬರುತ್ತಿತ್ತು.

ನೀರಿನ ವಿಷಯ. ಒರತೆಯಿಂದ ಇಳಿಜಾರಿನಲ್ಲಿ ಕೊಳವೆ ಎಳೆದು ನಲ್ಲಿ ಹಾಕುವ ಯೋಜನೆಗಳು ಹೆಚ್ಚು. ಒಂದೂವರೆ ಮೀಟರಿಗಿಂತ ಮೇಲೆ ಹೂತ ಕೊಳವೆ ಡಿಸೆಂಬರ್ ದಾಟುವುದಿಲ್ಲ. ಕಲ್ಲುನೆಲದಲ್ಲಿ ಅಗೆಯುವುದು ಕಷ್ಟ ಎಂದು ಗುತ್ತಿಗೆದಾರ ಅರ್ಧ ಮೀಟರಿಗೇ ಮುಚ್ಚಿಬಿಟ್ಟರೆ ಬೇಸಿಗೆಯಲ್ಲಿ ನೋಡಿದವರಿಗೆ ಗೊತ್ತೇ ಆಗುವುದಿಲ್ಲ. ಮಣ್ಣು ಮುಚ್ಚುವ ಮುನ್ನ ಪ್ರತಿ ಇಪ್ಪತ್ತು ಮೀಟರಿಗೆ ಅಳತೆಕೋಲು ಇಟ್ಟು ಫೋಟೊ ತೆಗೆಯಬೇಕು, ಆ ಫೋಟೊಗಳಿಲ್ಲದೆ ಕೊನೆಯ ಕಂತು ಬಿಡಬಾರದು. ದಾರಿಯಲ್ಲಿ ಕೊಳವೆ ಎಲ್ಲೂ ಏರಿ ಇಳಿಯಬಾರದು. ತಗ್ಗಿನಲ್ಲಿ ನಿಂತ ನೀರೇ ಮೊದಲು ಹೆಪ್ಪುಗಟ್ಟುವುದು. ಅತಿ ತಗ್ಗಿನ ಜಾಗದಲ್ಲಿ ಖಾಲಿ ಮಾಡುವ ವಾಲ್ವ್ ಇರಬೇಕು, ಅದು ಎಲ್ಲಿದೆ ಎಂದು ಕಲ್ಲಿನ ಗುರುತು ಹಾಕಿರಬೇಕು. ಹಿಮ ಬಿದ್ದ ಮೇಲೆ ಯಾರಿಗೂ ಕಾಣುವುದಿಲ್ಲ.

ಕೈಪಂಪು ಇರುವ ಕಡೆ ಚಳಿಗಾಲ ದಾಟಿಸಲು ಅಗ್ಗದ ಉಪಾಯವಿದೆ. ನೆಲ ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗೆ, ಸುಮಾರು ಎರಡು ಮೀಟರ್ ಆಳದಲ್ಲಿ, ನೀರೇರುವ ಕೊಳವೆಗೆ ಮೂರು ಮಿಲಿಮೀಟರ್ ತೂತು ಕೊರೆಯುವುದು. ಪಂಪು ಹೊಡೆಯುವುದು ನಿಂತ ಮೇಲೆ ತೂತಿಗಿಂತ ಮೇಲಿರುವ ನೀರು ನಿಧಾನವಾಗಿ ಬಾವಿಗೇ ಇಳಿದುಹೋಗುತ್ತದೆ, ಹೆಪ್ಪುಗಟ್ಟಲು ನೀರೇ ಉಳಿಯುವುದಿಲ್ಲ. ಪ್ರತಿ ಸಲ ಹತ್ತು ಹನ್ನೆರಡು ಏಟು ಹೆಚ್ಚು ಹೊಡೆಯಬೇಕು, ಅಷ್ಟೆ. ಕಾಲಕ್ರಮೇಣ ತೂತಿಗೆ ತುಕ್ಕು ಕಟ್ಟುತ್ತದೆ, ಒಂದು ರಾತ್ರಿ ಪಂಪಿನ ತಲೆ ಸೀಳುತ್ತದೆ. ಅಕ್ಟೋಬರ್‌ನಲ್ಲಿ ಕೊಳವೆ ಎತ್ತಿ ತೂತಿಗೆ ಒಂದು ತಂತಿ ಆಡಿಸಿದರೆ ಸಾಕು. ಬೇಕಾದದ್ದು ಎರಡು ಪೈಪ್ ರೆಂಚ್, ಕೊಳವೆ ಹಿಡಿಯುವ ಕ್ಲಾಂಪ್, ಮೂರು ಜನ, ಅರ್ಧ ದಿನ. ಈ ಅರ್ಧ ದಿನದ ಕೂಲಿ ಯಾರ ಬಜೆಟ್ಟಿನಲ್ಲೂ ಇರುವುದಿಲ್ಲ.

ಮೇವಿನ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಕುಟುಂಬದ ಆಸ್ತಿಯೆಲ್ಲ ಮಂದೆಯಲ್ಲೇ ಇದೆ. ಪಶ್ಮಿನಾ ಕೊಡುವ ಚಾಂಗ್ರಾ ಮೇಕೆಯಿಂದ ವರ್ಷಕ್ಕೊಮ್ಮೆ ಬಾಚಿ ತೆಗೆಯುವ ಹಸಿ ಉಣ್ಣೆ ಕಾಲು ಕಿಲೊ ಆಸುಪಾಸು. ಒರಟು ಕೂದಲು ಬೇರ್ಪಡಿಸಿದ ಮೇಲೆ ಅದರ ಅರ್ಧವೂ ಉಳಿಯುವುದು ಕಷ್ಟ. ಇಂಥ ಆದಾಯದ ಮೇಲೆ ನಿಂತ ಮನೆಗೆ 2013ರ ಆರಂಭದ ಹಿಮಪಾತದಂಥದ್ದು ಎದುರಾದರೆ ಹುಲ್ಲು ಹೂತುಹೋಗಿ ಮೇಕೆಗಳು ನಿಂತಲ್ಲೇ ಸಾಯುತ್ತವೆ. ಮರಿ ಹಾಕುವ ಕಾಲವೂ ಅದೇ, ಫೆಬ್ರುವರಿಯಿಂದ ಏಪ್ರಿಲ್.

ಮೇವಿನ ದಾಸ್ತಾನಿನ ಲೆಕ್ಕ ಸರಳ. 30 ಕಿಲೊ ತೂಕದ ಮೇಕೆಗೆ ಜೀವ ಹಿಡಿದುಕೊಳ್ಳಲು ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೊ ಒಣಮೇವು ಬೇಕು. 200 ಮೇಕೆಗೆ 20 ದಿನಕ್ಕೆ ನಾಲ್ಕು ಟನ್. ಹತ್ತು ಮನೆಯ ಕ್ಯಾಂಪಿಗೆ 40 ಟನ್. ಇದನ್ನು ಹಿಮ ಬಿದ್ದ ಮೇಲೆ ಸಾಗಿಸಲು ಹೋದರೆ ದಾರಿಯೇ ಇರುವುದಿಲ್ಲ, ಸೆಪ್ಟೆಂಬರ್ ಮುಗಿಯುವುದರೊಳಗೆ ಕ್ಯಾಂಪ್ ಸೇರಿರಬೇಕು. ಸಡಿಲವಾಗಿ ತುಂಬಿದರೆ ಲಾರಿಯ ತೂಕಕ್ಕಿಂತ ಮೊದಲೇ ಜಾಗ ಮುಗಿಯುತ್ತದೆ. ಹಾಗಾಗಿ ಒತ್ತಿ ಕಟ್ಟಿದ ಕಂತೆಗಳನ್ನೇ ಕೊಳ್ಳಬೇಕು. ಸಿಂಧೂ ಕಣಿವೆಯ ರೈತರಿಂದ ಕುದುರೆ ಮೆಂತೆ, ಬಾರ್ಲಿ ಹುಲ್ಲು ಕೊಂಡರೆ ಹಣವೂ ಲಡಾಖ್‌ನಲ್ಲೇ ಉಳಿಯುತ್ತದೆ. ಕುದುರೆ ಮೆಂತೆಯನ್ನು ಹೂ ಬಿಡಲು ಶುರುವಾದಾಗಲೇ ಕೊಯ್ಯಬೇಕು. ಪೂರ್ತಿ ಒಣಗದೆ ಕಂತೆ ಕಟ್ಟಿದರೆ ಒಳಗೆ ಬೂಷ್ಟು ಹಿಡಿಯುತ್ತದೆ, ಬೂಷ್ಟಿನ ಮೇವು ತಿಂದ ಗಬ್ಬದ ಮೇಕೆಗಳು ಕಂದು ಹಾಕುತ್ತವೆ. ಕಂತೆಯ ನಡುವೆ ಕೈ ತೂರಿಸಿ ನೋಡಿ, ಬಿಸಿಯಾಗಿದ್ದರೆ ವಾಪಸು ಕಳಿಸಿ. ದಾಸ್ತಾನು ಇಡುವ ನೆಲಕ್ಕೆ ಒಂದು ಅಡಿ ಎತ್ತರ ಕಲ್ಲು ಹಾಸಬೇಕು.

ಹಸಿದ ಮೇಕೆಗೆ ಕರುಣೆಯಿಂದ ಒಮ್ಮೆಲೇ ಕಾಳು ಸುರಿಯುವುದು ಎಲ್ಲಕ್ಕಿಂತ ದೊಡ್ಡ ಅನಾಹುತ. ವಾರಗಟ್ಟಲೆ ಒಣಹುಲ್ಲು ಕೂಡ ಸರಿಯಾಗಿ ಕಾಣದ ಹೊಟ್ಟೆಗೆ ಅರ್ಧ ಕಿಲೊ ಬಾರ್ಲಿ ಬಿದ್ದರೆ ಹುಳಿ ಏರಿ, ಹೊಟ್ಟೆ ಉಬ್ಬರಿಸಿ, ಎರಡು ದಿನದಲ್ಲಿ ಸಾಯುತ್ತದೆ. ಮೊದಲ ಎರಡು ದಿನ ಹುಲ್ಲು ಮಾತ್ರ. ಮೂರನೇ ದಿನದಿಂದ 50 ಗ್ರಾಂ ಕಾಳು, ಒಂದು ವಾರದಲ್ಲಿ ನಿಧಾನವಾಗಿ 200 ಗ್ರಾಮಿಗೆ. ತುರ್ತು ನೆರವಿನ ಲಾರಿಯ ಜತೆ ಈ ನಾಲ್ಕು ಸಾಲು ಟಿಬೆಟನ್ ಭಾಷೆಯಲ್ಲಿ ಮುದ್ರಿಸಿದ ಚೀಟಿಯೂ ಹೋಗಲಿ.

ಲಸಿಕೆಯಲ್ಲೂ ಬಯಲುಸೀಮೆಯ ತಿಳಿವಳಿಕೆ ಅಲ್ಲಿ ತಿರುವುಮುರುವು. ಇಲ್ಲಿ ನಾವು ಲಸಿಕೆ ಬಿಸಿಯಾಗದಂತೆ ಮಂಜುಗಡ್ಡೆಯ ಡಬ್ಬಿಯಲ್ಲಿ ಒಯ್ಯುತ್ತೇವೆ. ಅಲ್ಲಿ ಅಕ್ಟೋಬರ್‌ನಲ್ಲಿ ಅದೇ ಡಬ್ಬಿ ಲಸಿಕೆ ಹೆಪ್ಪುಗಟ್ಟದಂತೆ ಕಾಯಬೇಕು. ಕಾಲುಬಾಯಿ ಜ್ವರದ ಲಸಿಕೆ, ಕರುಳುಬೇನೆಯ ಲಸಿಕೆ ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಕೆಲಸಕ್ಕೆ ಬಾರವು. ನೋಡಲು ಮಾತ್ರ ಹಾಗೇ ಇರುತ್ತವೆ. ಡಬ್ಬಿಯೊಳಗೆ ಒಂದು ಥರ್ಮಾಮೀಟರ್, 2ರಿಂದ 8 ಡಿಗ್ರಿ. ಚಳಿಗಾಲದ ಮುಂಚೆ ಜಂತುಹುಳುವಿನ ಔಷಧ ಹಾಕಿಸಿದರೆ ತಿಂದ ಮೇವು ಮೇಕೆಗೇ ದಕ್ಕುತ್ತದೆ.

ದೊಡ್ಡಿಗಳಿಗೆ ಜಾಲರಿ ಹೊದಿಸುವುದು ನಿಜಕ್ಕೂ ಒಳ್ಳೆಯ ಕೆಲಸ. ಹಿಮಚಿರತೆ ದೊಡ್ಡಿಗೆ ನುಗ್ಗಿದರೆ ಒಂದನ್ನು ಹೊತ್ತೊಯ್ದು ಸುಮ್ಮನಾಗುವುದಿಲ್ಲ, ಗಾಬರಿಯಿಂದ ಓಡಾಡುವ ಮಂದೆಯಲ್ಲಿ ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತದೆ. ಮಾಡಿನ ಜಾಲರಿ ಸಡಿಲವಾದ ಒಂದು ಮೂಲೆ ಸಾಕು. ಹಿಮದ ಭಾರಕ್ಕೆ ನಡುವಿನ ಮರ ಬಾಗಿ ಆ ಮೂಲೆ ಏಳುವುದು ಎರಡನೇ ವರ್ಷ. ಬೀಗ ಹಾಕುವ ಗಟ್ಟಿ ಬಾಗಿಲು, ಬಾಗಿಲ ಕೆಳಗೆ ಚಪ್ಪಡಿ, ವರ್ಷಕ್ಕೊಮ್ಮೆ ಜಾಲರಿ ಬಿಗಿಯಲು ಒಂದು ಸುರುಳಿ ಕಟ್ಟುವ ತಂತಿ.

ಹಸಿರುಮನೆಗಳ ಬಗ್ಗೆ ಚಿಕ್ಕದಾಗಿ. ಪೂರ್ವ-ಪಶ್ಚಿಮ ಉದ್ದ, ದಕ್ಷಿಣಕ್ಕೆ ಪ್ಲಾಸ್ಟಿಕ್ ಹೊದಿಕೆ, ಉತ್ತರಕ್ಕೆ ಎರಡು ಪದರದ ಹಸಿ ಇಟ್ಟಿಗೆ ಗೋಡೆ, ಪದರಗಳ ನಡುವೆ 10 ಸೆಂಟಿಮೀಟರ್ ಹುಲ್ಲು. ಲಡಾಖ್‌ನಲ್ಲಿ ಹಲವು ವರ್ಷಗಳಿಂದ ಒಗ್ಗಿರುವ ಈ ವಿನ್ಯಾಸದಲ್ಲಿ ನಡುಚಳಿಗಾಲದಲ್ಲೂ ಪಾಲಕ್, ಕೊತ್ತಂಬರಿ ಬರುತ್ತದೆ. ಮಂದೆಯ ಜತೆ ತಿರುಗುವ ಮನೆಗೆ ಇದು ಆಗದು, ಚಳಿಗಾಲ ಕಳೆಯಲು ಕಟ್ಟಿದ ಮನೆಗಳಿರುವ ಕಡೆ ಮಾತ್ರ ಕೊಡಿ. ಬಿಸಿಲು ತಾಳುವ ಪ್ಲಾಸ್ಟಿಕ್ ಹಾಳೆಯೇ ಬೇಕು, ಮಾಮೂಲಿ ಹಾಳೆ ಆ ಎತ್ತರದ ಬಿಸಿಲಿಗೆ ಒಂದೇ ವರ್ಷದಲ್ಲಿ ಪುಡಿಯಾಗುತ್ತದೆ. ಬಿಸಿಲೇರಿದಾಗ ಗವಾಕ್ಷಿ ತೆರೆಯುವುದನ್ನು ಮರೆತರೆ ಒಳಗೆ ನೀರು ಹನಿದು ಎಲೆ ಕೊಳೆಯುತ್ತದೆ, ಗಿಡಹೇನು ಹತ್ತುತ್ತದೆ. ಶಾಲೆಗಳಿಗೆ ಶೌಚಾಲಯ ಕಟ್ಟಿಸುವವರು ನೀರಿನ ಕಮೋಡ್ ಬಿಟ್ಟು ಲಡಾಖಿ ಮನೆಗಳ ಒಣ ಶೌಚಾಲಯವನ್ನೇ ಕಟ್ಟಿಸಿ. ಗೋಬರ್ ಗ್ಯಾಸ್ ಬೇಡವೇ ಬೇಡ, 10 ಡಿಗ್ರಿಗಿಂತ ಕೆಳಗೆ ಅದು ಹುದುಗುವುದೇ ನಿಲ್ಲುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಕಾಣುವುದೇನೆಂದರೆ, ಕೆಡುವ ಭಾಗಗಳೆಲ್ಲ ಸಣ್ಣವು, ರಿಪೇರಿಯೂ ಸಣ್ಣದು. ಇಲ್ಲದಿರುವುದು ಆ ಕೆಲಸಕ್ಕೆ ಸಂಬಳ ಪಡೆಯುವ ಒಬ್ಬ ಮನುಷ್ಯ. ಪ್ರತಿ ಕ್ಯಾಂಪಿನಲ್ಲಿ ಇಬ್ಬರಿಗೆ ತರಬೇತಿ ಕೊಡಿ, ಅವರಲ್ಲಿ ಒಬ್ಬರಾದರೂ ಹೆಂಗಸಾಗಿರಲಿ. ಹತ್ತೊಂಬತ್ತರ ಹುಡುಗರನ್ನು ಆರಿಸಬೇಡಿ. ಶಾಲೆ ಮುಗಿಸಿದವರು ಚೋಗ್ಲಮ್ಸರ್‌ಗೆ, ಅಲ್ಲಿಂದ ದೆಹಲಿಗೆ, ಬೆಂಗಳೂರಿಗೆ ಹೋಗುತ್ತಾರೆ, ಹೋಗುವುದು ಅವರ ಹಕ್ಕು. ಮಂದೆ ಇರುವ, ಮಕ್ಕಳಿರುವ, ಅಲ್ಲೇ ಉಳಿಯುವ ಮೂವತ್ತೈದರ ಗೃಹಿಣಿ ವೈರಿಂಗ್ ಕಲಿತರೆ ಆ ಕ್ಯಾಂಪಿನ ದೀಪ ಆರುವುದಿಲ್ಲ. ಮಲ್ಟಿಮೀಟರ್, ಕ್ರಿಂಪಿಂಗ್ ಟೂಲ್, ಪೈಪ್ ರೆಂಚ್, ಬಿಡಿಭಾಗಗಳ ಒಂದು ಟ್ರಂಕ್, ತಿಂಗಳಿಗೆ ನಿಗದಿತ ಗೌರವಧನ. ಇದಕ್ಕೇ ಆ ನಾಲ್ಕನೇ ಒಂದು ಭಾಗ.

ಈಗ ಸಿಎಸ್‌ಆರ್ ಸಮಿತಿಗಳಿಗೆ ನೇರವಾಗಿ ಎರಡು ಮಾತು. ಹೆಚ್ಚಿನ ಕಡೆ ಹಣ ಮಂಜೂರಾಗುವುದು ಡಿಸೆಂಬರ್ ಆಸುಪಾಸಿನಲ್ಲಿ, ಬಳಕೆಯ ಪ್ರಮಾಣಪತ್ರ ಕೇಳುವುದು ಮಾರ್ಚ್ 31ಕ್ಕೆ. ಆ ನಾಲ್ಕು ತಿಂಗಳು ಚಾಂಗ್‌ಥಾಂಗ್‌ನಲ್ಲಿ ನೆಲ ಕಲ್ಲಾಗಿರುತ್ತದೆ, ಸಿಮೆಂಟ್ ಹಿಡಿಯುವುದಿಲ್ಲ. ಆಗ ಸಂಸ್ಥೆಗಳು ಮಾಡಬಹುದಾದದ್ದು ಒಂದೇ, ಕೊಳ್ಳಬಹುದಾದ ಸಾಮಾನನ್ನೆಲ್ಲ ಕೊಂಡು ಗೋದಾಮಿಗೆ ತುಂಬುವುದು. ಆದ್ದರಿಂದಲೇ ಪ್ಯಾನೆಲ್ ಹೆಚ್ಚು, ರಿಪೇರಿ ಇಲ್ಲ. ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ನಿಮ್ಮ ಆಡಳಿತ ಮಂಡಳಿ ಈ ಕೆಲಸವನ್ನು ‘ಮುಂದುವರಿಯುವ ಯೋಜನೆ’ ಎಂದು ಅಂಗೀಕರಿಸಿದರೆ, ಅದು ಆರಂಭದ ವರ್ಷ ಬಿಟ್ಟು ಮೂರು ವರ್ಷ ನಡೆಯಬಹುದು. ಖರ್ಚಾಗದ ಹಣವನ್ನು ಆರ್ಥಿಕ ವರ್ಷ ಮುಗಿದ 30 ದಿನದೊಳಗೆ ಪ್ರತ್ಯೇಕ ಖಾತೆಗೆ ಹಾಕಿ, ಮುಂದಿನ ಮೂರು ವರ್ಷದಲ್ಲಿ ಖರ್ಚು ಮಾಡಬಹುದು. ಮೂರು ಚಳಿಗಾಲಕ್ಕೆ ಅಷ್ಟು ಸಾಕು.

ತಂತ್ರಜ್ಞೆಯ ಗೌರವಧನವನ್ನು ಆಡಳಿತ ವೆಚ್ಚ ಎಂದು ಹೊಡೆದುಹಾಕುವುದೂ ನಿಲ್ಲಲಿ. ನೂರಕ್ಕೆ 5ರ ಮಿತಿ ಇರುವುದು ಕಂಪನಿಯೊಳಗೆ ಸಿಎಸ್‌ಆರ್ ವಿಭಾಗ ನಡೆಸುವ ಖರ್ಚಿಗೆ. ಒಂದು ಯೋಜನೆಯನ್ನು ಜಾರಿಗೊಳಿಸಲು, ಮೇಲ್ವಿಚಾರಣೆಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ. ಹೊರದೇಶದಲ್ಲಿರುವ ಕನ್ನಡ ಬಳಗಗಳವರೂ ಗಮನಿಸಿ: 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ಪರಿಚಯದ ಟ್ರಸ್ಟಿಗೆ ಕಳಿಸಿದರೆ ಅವರು ಲೇಹ್‌ಗೆ ಕಳಿಸುತ್ತಾರೆ ಎಂಬ ಲೆಕ್ಕಾಚಾರ ನಡೆಯುವುದಿಲ್ಲ. ಅಲ್ಲಿ ಕೆಲಸ ಮಾಡುವ ಸಂಸ್ಥೆಗೇ ವಿದೇಶಿ ದೇಣಿಗೆ ಪಡೆಯುವ ನೋಂದಣಿ ಇರಬೇಕು.

ಸೂಕ್ಷ್ಮವಾದದ್ದು ಇನ್ನೊಂದಿದೆ. ಟಿಬೆಟನ್ ಕುಟುಂಬಗಳಿಗೆ ಅಲ್ಲಿ ಸ್ವಂತ ಜಮೀನಿಲ್ಲ. ಅಲ್ಲಿನ ಮೂಲ ಪಶುಪಾಲಕರಾದ ಲಡಾಖಿ ಚಾಂಗ್‌ಪಾಗಳ ಊರುಗಳ ಒಪ್ಪಿಗೆಯ ಮೇಲೆ ಅವರ ಮಂದೆ ಮೇಯುತ್ತದೆ. ಟಿಬೆಟನ್ ಕ್ಯಾಂಪಿಗೆ ಮಾತ್ರ ಜಾಲರಿ, ಮೇವು, ಪಂಪು ಬಂದು ಪಕ್ಕದ ಚಾಂಗ್‌ಪಾ ಊರಿಗೆ ಏನೂ ಬರದಿದ್ದರೆ ನಿಮ್ಮ ದಾನದಿಂದ ಹುಲ್ಲುಗಾವಲಿನ ಜಗಳ ಹುಟ್ಟುತ್ತದೆ, ನಷ್ಟ ಆಗುವುದು ಜಮೀನಿಲ್ಲದವರಿಗೇ. ಮೇವಿನ ದಾಸ್ತಾನು, ಲಸಿಕೆ, ನೀರು ಇಬ್ಬರಿಗೂ ಸೇರಿ ಇರಲಿ. ನೆಲ ಅಗೆಯುವ ಮುನ್ನ ಊರಿನ ಗೋಬಾ, ಅಂದರೆ ಊರ ಮುಖ್ಯಸ್ಥರು, ಸೋನಮ್‌ಲಿಂಗ್ ವಸತಿ ಕಚೇರಿ, ಲೇಹ್ ಗುಡ್ಡಗಾಡು ಅಭಿವೃದ್ಧಿ ಮಂಡಳಿ ಈ ಮೂವರ ಬರಹದ ಒಪ್ಪಿಗೆ ಫೈಲಿನಲ್ಲಿರಬೇಕು.

ಕರ್ನಾಟಕಕ್ಕೆ ಇದು ಹೊಸ ವಿದ್ಯೆಯಲ್ಲ. 1960ರ ದಶಕದ ಆರಂಭದಲ್ಲಿ ಬೈಲುಕುಪ್ಪೆಯಲ್ಲಿ, 1966ರಲ್ಲಿ ಮುಂಡಗೋಡಿನಲ್ಲಿ ಟಿಬೆಟನ್ನರಿಗೆ ನೆಲ ಕೊಟ್ಟ ರಾಜ್ಯ ನಮ್ಮದು. 1968ರಲ್ಲಿ ಮೈರಾಡ ಸಂಸ್ಥೆ ಹುಟ್ಟಿದ್ದೇ ಅವರ ಪುನರ್ವಸತಿಗಾಗಿ, ಸುಮಾರು ಹತ್ತು ವರ್ಷ ಅದು ಅದೇ ಕೆಲಸದಲ್ಲಿ ನಿಂತಿತು. ಕಾಡು ಕಡಿದ ನೆಲದಲ್ಲಿ ಮುಸುಕಿನ ಜೋಳ ಬೆಳೆಯುವುದನ್ನು ಚಳಿನಾಡಿನ ಜನ ಕಲಿತದ್ದು ಒಂದು ಬಜೆಟ್ ವರ್ಷದಲ್ಲಿ ಅಲ್ಲ.

ನಾವು ಕೇಳುವ ಕ್ರಮ ಹೀಗಿದೆ. ಫೆಬ್ರುವರಿಯೊಳಗೆ ಮಂಜೂರಾತಿ ಪತ್ರ, ಏಪ್ರಿಲ್‌ನಲ್ಲಿ ಮೊದಲ ಕಂತು, ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಟ್ಟುವ ಕೆಲಸ, ಸೆಪ್ಟೆಂಬರ್ ಕೊನೆಗೆ ಮೇವು ದಾಸ್ತಾನು, ಅಕ್ಟೋಬರ್‌ನಲ್ಲಿ ತಪಾಸಣೆ. ನಿಮ್ಮ ಪ್ರತಿನಿಧಿಯನ್ನು ಜುಲೈನ ಉದ್ಘಾಟನೆಗೆ ಕಳಿಸುವ ಬದಲು ಮರುವರ್ಷದ ಮಾರ್ಚ್‌ನಲ್ಲಿ ಕಳಿಸಿ. ಅವರು ಪಂಪು ಹೊಡೆದು ನೋಡಲಿ, ಬ್ಯಾಟರಿಗೆ ಮೀಟರ್ ಹಿಡಿಯಲಿ, ಉಳಿದ ಮೇವಿನ ಕಂತೆ ಎಣಿಸಲಿ. ಎರಡನೇ ಕಂತು ಆ ವರದಿ ನೋಡಿ ಬಿಡುಗಡೆಯಾಗಲಿ.

ವಿಶ್ವಾಸದಿಂದ,
ಎತ್ತರದ ಹಳ್ಳಿಗಳಲ್ಲಿ ನೀರು, ಸೌರವಿದ್ಯುತ್, ಜಾನುವಾರು ಆರೋಗ್ಯದ ಕೆಲಸದಲ್ಲಿರುವ ಕನ್ನಡಿಗರು